ಬೀಗಿತ್ತಿಯ ಊರಿನ ಸಮಾಚಾರ

ಪ್ರತಿ ಶುಕ್ರವಾರ ಸಂಜೆ ಆರು ಗಂಟೆಯ ಸುಮಾರಿಗೆ ನನ್ನ ಮೊಬೈಲಿಗೆ ಒಂದು ಊರು ಬರುತ್ತದೆ. ಇಡೀ ಊರೇ. ದೋಹಾದಲ್ಲಿ ನಮಗೆ ಶುಕ್ರವಾರವೇ ಭಾನುವಾರ. ಚರ್ಚಿನ ಪೂಜೆ ಮುಗಿಸಿ, ಮಧ್ಯಾಹ್ನ ಮೀನುಸಾರು ಉಂಡು, ಒಂದು ಸಣ್ಣ ನಿದ್ದೆ ತೆಗೆದು ಚಹಾಕ್ಕೆ ನೀರಿಡುವ ಹೊತ್ತು ಅದು. ಆಗ ಮೆಕ್ಸಿಕೋದ ಒಂದು ಕಡಲತಡಿಯ ಊರಲ್ಲಿ ಬೆಳಗಾಗಿರುತ್ತದೆ. ಪ್ರವಾಸಿಗರೇ ಅನ್ನ ಹಾಕುವ ಪುಟ್ಟ ಊರು. ಅದರ ಹೆಸರನ್ನು ನಾನು ಇನ್ನೂ ಸರಿಯಾಗಿ ಉಚ್ಚರಿಸಲಾರೆ, ಬರೆದರೆ ನಿಮ್ಮ ನಾಲಗೆಯೂ ತೊಡರೀತು, ಬಿಡಿ. ಆ ಊರಲ್ಲಿ ಈ ವಾರ ಏನೇನಿದೆ ಎಂಬ ಸಮಾಚಾರ ಅವರ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ. ಮೇಲೆ ಸ್ಪ್ಯಾನಿಷ್, ಕೆಳಗೆ ಇಂಗ್ಲಿಷ್.

'ಶನಿವಾರ ಬೆಳಿಗ್ಗೆ ಆಮೆಮರಿಗಳನ್ನು ಕಡಲಿಗೆ ಬಿಡುತ್ತೇವೆ. ಮಕ್ಕಳು ಬರಿಗಾಲಲ್ಲಿ ಬರಬೇಕು.' 'ಭಾನುವಾರ ಸಂಜೆ ಚೌಕದಲ್ಲಿ ಬ್ಯಾಂಡು. ಕುಣಿಯಲು ಬಾರದವರಿಗೂ ಸ್ವಾಗತ.' 'ಹಸಿರು ಗಿಣಿ ಕಳೆದುಹೋಗಿದೆ, ಎರಡು ಭಾಷೆಗಳಲ್ಲಿ ಬೈಯುತ್ತದೆ, ಸಿಕ್ಕಿದವರು ದಯವಿಟ್ಟು ತಿಳಿಸಿ.' 'ಎಲ್ಲರೂ ಸೇರಿ ಸೂರ್ಯ ಮುಳುಗುವುದನ್ನು ನೋಡೋಣ, ಕುರ್ಚಿ ನೀವೇ ತನ್ನಿ.' 'ಮೀನು ಹಿಡಿಯುವ ಪಂದ್ಯ. ಅತಿ ದೊಡ್ಡ ಮೀನಿಗೆ ಬಹುಮಾನ. ಹಿಡಿದ ಮೀನನ್ನು ವಾಪಸು ಕಡಲಿಗೆ ಬಿಡತಕ್ಕದ್ದು.'

ಈ ಕೊನೆಯದನ್ನು ಮೊದಲ ಸಲ ಓದಿ ಹೇಳಿದಾಗ ನನ್ನ ಗಂಡ ಲಿಯೋ ಚಹಾದ ಕಪ್ಪು ಕೆಳಗಿಟ್ಟ. "ಬಿಡುವುದಾದರೆ ಹಿಡಿಯುವುದು ಯಾಕೆ?"

"ನನಗೇನು ಗೊತ್ತು?"

"ಸರಿಯಾಗಿ ಓದು. ಬಿಟ್ಟು ಬರಬಾರದು ಅಂತ ಇರಬೇಕು."

ಮತ್ತೆ ಓದಿದೆ. ಬಿಡಬೇಕು ಅಂತಲೇ ಇತ್ತು. ಮಲ್ಪೆಯ ಬದಿಯಲ್ಲಿ ಹುಟ್ಟಿದವರಿಗೆ ಇದು ಸಣ್ಣ ಆಘಾತವಲ್ಲ.

ನನ್ನ ಅಪ್ಪ ಮಲ್ಪೆ ಬಂದರಿನ ಹತ್ತಿರ ಐಸ್ ಫ್ಯಾಕ್ಟರಿಯಲ್ಲಿ ಗುಮಾಸ್ತನಾಗಿದ್ದ. ಕಡಲು ನಮ್ಮ ಮನೆಯಿಂದ ಕೂಗಳತೆಯ ದೂರ. ಹಾಗೆಂದು ನಾನು ಕಡಲಲ್ಲಿ ಆಡಿ ಬೆಳೆದವಳು ಎಂದು ಎಣಿಸಬೇಡಿ. ದೋಣಿ ಇದ್ದವರಿಗೆ ಕಡಲಿನ ಕೆಲಸ, ಇಲ್ಲದವರಿಗೆ ಅಲ್ಲೇನಿದೆ ಎಂಬುದು ಅಮ್ಮನ ಲೆಕ್ಕ. ಹನ್ನೊಂದು ವರ್ಷದವಳಿದ್ದಾಗ ಒಮ್ಮೆ ಶಾಲೆಯಿಂದ ಬರುತ್ತ ಗೆಳತಿ ಫ್ಲಾವಿಯಾಳ ಜೊತೆ ಹೊಯಿಗೆಯ ಮೇಲೆ ಸುಮ್ಮನೆ ಕೂತಿದ್ದೆ. ತೆರೆ ಬರುತ್ತಿತ್ತು, ಹೋಗುತ್ತಿತ್ತು. ನಾವು ನೋಡುತ್ತಿದ್ದೆವು, ಅಷ್ಟೇ. ಯಾರೋ ಅಮ್ಮನಿಗೆ ಸುದ್ದಿ ಮುಟ್ಟಿಸಿದರು. ಮನೆಗೆ ಬಂದ ಕೂಡಲೇ ಅಮ್ಮ ಕೇಳಿದ್ದು ಒಂದೇ ಮಾತು: "ಕಡಲಿಗೆ ಹೋದ ಗಂಡ ಬಾರದವಳ ಹಾಗೆ ಯಾಕೆ ಕೂತಿದ್ದಿ?"

ನಮ್ಮ ಕರಾವಳಿಯಲ್ಲಿ ಕಡಲನ್ನು ನೋಡುತ್ತ ಕೂರುವ ಹೆಂಗಸೆಂದರೆ ಅವಳೇ. ಆಮೇಲೆ ನಾನು ಕೂರಲಿಲ್ಲ. ದೋಹಾಕ್ಕೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಈ ದೇಶಕ್ಕೆ ಮೂರು ಬದಿಯಲ್ಲಿ ಕಡಲು. ಊರಿಂದ ನೆಂಟರು ಬಂದಾಗ ಅವರನ್ನು ಕಡಲ ಬದಿಯ ರಸ್ತೆ ಕಾರ್ನಿಷಿಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿ ತಂದದ್ದು ಬಿಟ್ಟರೆ ನನಗೂ ಅದಕ್ಕೂ ಮಾತುಕತೆ ಇರಲಿಲ್ಲ.

ಇಂಥ ನನ್ನ ತಲೆಗೆ ಆ ಊರು ಹೇಗೆ ಗಂಟುಬಿತ್ತು ಎಂದರೆ ನನ್ನ ಬೀಗಿತ್ತಿಯಿಂದ. ನಮ್ಮ ಒಬ್ಬಳೇ ಮಗಳು ರೆನಿಟಾ ಇಲ್ಲಿನ ಒಂದು ಹೋಟೆಲಿನ ರಿಸೆಪ್ಷನ್‌ನಲ್ಲಿದ್ದಳು. ಅದೇ ಹೋಟೆಲಿನಲ್ಲಿ ಈಜು ಕಲಿಸುತ್ತಿದ್ದ ಎರ್ನೆಸ್ತೊ ಎಂಬ ಹುಡುಗನನ್ನು ಒಂದು ದಿನ ಮನೆಗೆ ಕರೆತಂದು, "ಮಮ್ಮಿ, ಇವನು ಕ್ಯಾಥೊಲಿಕ್" ಎಂದಳು. ಬೇರೆ ಏನು ಹೇಳಿದರೂ ನಾನು ನೂರು ಪ್ರಶ್ನೆ ಕೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಮದುವೆಯಾಗಿ ಬಿನ್ ಒಮ್ರಾನಿನಲ್ಲಿ ಒಂದು ಕೋಣೆಯ ಫ್ಲ್ಯಾಟ್ ಹಿಡಿದರು. ಎರಡು ವರ್ಷಕ್ಕೆ ರೆನಿಟಾ ಬಸುರಿಯಾದಳು. ಹೆರಿಗೆಗೆ ಮೂರು ವಾರವಿರುವಾಗ ಎರ್ನೆಸ್ತೊನ ತಾಯಿ ಅಂಪಾರೊ ಮೆಕ್ಸಿಕೋದಿಂದ ಬಂದಿಳಿದರು. ಮಕ್ಕಳ ಫ್ಲ್ಯಾಟಿನಲ್ಲಿ ಜಾಗವಿಲ್ಲ. ಆದ್ದರಿಂದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಮನೆಯಲ್ಲಿ ಉಳಿದರು.

ಅಂಪಾರೊ ಗಂಡ ತೀರಿಹೋದ ಹೆಂಗಸು. ಊರಲ್ಲಿ ಎಂಟು ಕೋಣೆಗಳ ಒಂದು ಲಾಡ್ಜು ನಡೆಸುತ್ತಾರೆ. ಅವರಿಗೆ ಬರುವ ಇಂಗ್ಲಿಷೆಲ್ಲ ಲಾಡ್ಜಿನದು: ವೆಲ್‌ಕಂ, ಟವೆಲ್, ನೋ ಪ್ರಾಬ್ಲಂ, ಚೆಕ್ ಔಟ್ ಇಲೆವೆನ್. ನನಗೆ ಬರುವುದು ಆಫೀಸಿನ ಇಂಗ್ಲಿಷ್. ಕೈಂಡ್ಲಿ ಫೈಂಡ್ ಅಟ್ಯಾಚ್ಡ್ ಎಂದು ಶುರು ಮಾಡದೆ ನನ್ನಿಂದ ವಾಕ್ಯ ಹೊರಡುವುದಿಲ್ಲ. ಮೊಬೈಲಿನ ಅನುವಾದವನ್ನೂ ನೋಡಿದೆವು. ಅವರು ಏನೋ ಹೇಳಿದರು, ಯಂತ್ರ ಕನ್ನಡದಲ್ಲಿ, 'ನಿಮ್ಮ ಮೊಣಕಾಲಿನ ಬಗ್ಗೆ ಆಕಾಶ ಸಂತೋಷವಾಗಿದೆ' ಎಂದಿತು. ಮೊಬೈಲನ್ನು ಬದಿಗಿಟ್ಟು, ಕೈಬಾಯಿಯಲ್ಲೇ ಸಂಸಾರ ಮಾಡಿದೆವು.

ಬಂದ ಎರಡನೇ ದಿನವೇ ಅವರು ನನ್ನ ಕೈಹಿಡಿದು ಕಿಟಕಿಯ ಬಳಿಗೆ ಕರೆದೊಯ್ದು ಕೇಳಿದರು, "ಮಾರ್? ಮಾರ್?"

ನಾನು ಆಫೀಸಿಗೆ ಹೋದವಳೇ ಲಿಯೋನಿಗೆ ಫೋನು ಮಾಡಿದೆ. "ಅವರಿಗೆ ಏನೋ ಮಾರಬೇಕಂತೆ."

"ಚಿನ್ನ ಇರಬಹುದು. ಊರಿಂದ ತಂದಿರಬೇಕು. ಸುಮ್ಮನಿರು, ನಾವು ತಲೆ ಹಾಕುವುದು ಬೇಡ."

ಮೂರು ದಿನ ಅವರು ಕೇಳಿದರು, ಮೂರು ದಿನ ನಾನು ಸಮಾಧಾನ ಹೇಳಿದೆ. ಗಂಟನ್ನು ಬಿಡಿಸಿದ್ದು ನಮ್ಮ ಬೀದಿಯ ಗ್ರೋಸರಿಯ ಯಜಮಾನ ಹಮೀದಾಕ. ಉಳ್ಳಾಲದವರು, ಅಂಗಡಿ ಇಟ್ಟು ಮೂವತ್ತು ವರ್ಷದ ಮೇಲಾಯಿತು. ಅಂಪಾರೊ ದಿನಾ ಅಲ್ಲಿಗೆ ಹೋಗಿ ಕೊತ್ತಂಬರಿ, ಲಿಂಬೆ, ಹಸಿಮೆಣಸು ಆರಿಸುತ್ತ ಅರ್ಧ ಗಂಟೆ ಸ್ಪ್ಯಾನಿಷಿನಲ್ಲಿ ಹರಟುತ್ತಿದ್ದರು. ಹಮೀದಾಕ ತಮ್ಮ ಬ್ಯಾರಿ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು. ನಾನು ಹಾಲಿಗೆಂದು ಹೋದಾಗ ಅವರು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

"ಎಂತ ಬಾಯಮ್ಮ, ಪಾಪ ಆ ಹೆಂಗಸಿಗೆ ಒಮ್ಮೆ ಕಡಲು ತೋರಿಸ್ಲಿಕ್ಕೆ ಆಗುದಿಲ್ವಾ ನಿಮಗೆ?"

"ಕಡಲಾ? ನಿಮಗೆ ಹೇಗೆ ಗೊತ್ತು?"

"ಕೈ ಹೀಗೆ ಹೀಗೆ ತೆರೆಯ ಹಾಗೆ ಮಾಡಿದ್ರಲ್ಲ. ಅಷ್ಟೂ ಗೊತ್ತಾಗುದಿಲ್ವಾ ಮಾರಾಯ್ರೆ?"

ಅವರ ಭಾಷೆಯಲ್ಲಿ ಮಾರ್ ಎಂದರೆ ಕಡಲಂತೆ. ನನಗೂ ಅವರು ಹಾಗೆಯೇ ಕೈ ಮಾಡಿ ತೋರಿಸಿದ್ದರು. ನಾನು ಫ್ಯಾನು ಹಾಕಿದ್ದೆ.

ಆಮೇಲೆ ಕಾರ್ನಿಷಿಗೆ ಕರೆದುಕೊಂಡು ಹೋದೆವು. ಕಲ್ಲಿನ ಕಟ್ಟೆಯ ಆಚೆ ನೀರು ನೋಡಿ ಅವರು ಚಪ್ಪಲಿ ಕಳಚಿದರು. ಇಳಿಯುವಂತಿಲ್ಲ ಎಂದು ಲಿಯೋ ಕೈಯಲ್ಲಿ ತಿಳಿಸಿದ. ಅವರು ಚಪ್ಪಲಿ ಹಾಕಿಕೊಂಡು ಬೆಂಚಿನಲ್ಲಿ ಕೂತರು. ಅವರ ಮುಖ ನೋಡಲು ನನಗಾಗಲಿಲ್ಲ.

ಅದಾಗಿ ಒಂದೆರಡು ದಿನಕ್ಕೆ, ಸಂಜೆ, ಊಟದ ಮೇಜಿನಲ್ಲಿ ಅಂಪಾರೊ ನನ್ನನ್ನು ಎದುರು ಕೂರಿಸಿಕೊಂಡು ದೀರ್ಘವಾಗಿ ಮಾತಾಡಿದರು. ಮೊಬೈಲಿನಲ್ಲಿ ಲಾಡ್ಜಿನ ಫೋಟೋಗಳನ್ನು ತೋರಿಸಿದರು. ನೀಲಿ ಬಾಗಿಲು, ಅಂಗಳದಲ್ಲಿ ದಾಸವಾಳ, ಒಂದು ಖಾಲಿ ಕೋಣೆ. ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು, ಕೈಯಲ್ಲೇ ವಿಮಾನ ಹಾರಿಸಿದರು, ಎದೆಗೆ ಕೈಯಿಟ್ಟುಕೊಂಡರು, ಕಣ್ಣೊರೆಸಿಕೊಂಡರು. ಗಂಡನ ನೆನಪಾಗಿರಬೇಕು, ತನ್ನ ಹೆರಿಗೆಯ ಕತೆ ಹೇಳುತ್ತಿರಬೇಕು ಎಂದುಕೊಂಡು ನಾನೂ ಕಣ್ಣೀರು ಹಾಕಿದೆ. ಅವರು ನಿಲ್ಲಿಸಿ ನನ್ನ ಮುಖ ನೋಡಿದಾಗಲೆಲ್ಲ ನನಗೆ ಬರುವ ಒಂದೇ ಸ್ಪ್ಯಾನಿಷ್ ಮಾತನ್ನು, "ಸೀ, ಸೀ" ಎಂದು, ತಲೆಯಾಡಿಸಿ ಹೇಳಿದೆ. ಹೌದು, ಹೌದು. ಕೊನೆಗೆ ಅವರು ಎದ್ದು ಬಂದು ನನ್ನನ್ನು ಉಸಿರು ಕಟ್ಟುವ ಹಾಗೆ ತಬ್ಬಿಕೊಂಡರು. "ಗ್ರಾಸಿಯಾಸ್, ವಿಯೊಲೇತಾ." ನನ್ನ ಹೆಸರು ವಾಯ್ಲೆಟ್. ಮರುದಿನವೇ ಆ ಊರಿನ ಗುಂಪಿಗೆ ನನ್ನ ನಂಬರನ್ನು ಸೇರಿಸಿದರು. ಆಮೆ, ಬ್ಯಾಂಡು, ಗಿಣಿ ಎಲ್ಲ ಶುರುವಾದದ್ದು ಹಾಗೆ.

ಹೆರಿಗೆ ಸುಸೂತ್ರವಾಯಿತು. ಹೆಣ್ಣು ಮಗು. ಬಾಣಂತನಕ್ಕೆ ರೆನಿಟಾಳನ್ನು ನಮ್ಮ ಮನೆಗೆ ಕರೆತಂದೆ. ನಾನು ರಜೆ ಹಾಕಿದೆ. ಅಂಪಾರೊ ಮಗುವನ್ನು ನೋಡಿದವರೇ ಗಂಭೀರವಾಗಿ ಬೆರಳೆತ್ತಿ, "ಕ್ವಾರೆಂತೇನಾ!" ಎಂದರು.

ನನ್ನ ಜೀವ ಹಾರಿಹೋಯಿತು. ಇವರಿಗೆ ಕೊರೊನಾ! ಬಾಣಂತಿಯ ಕೋಣೆಯಲ್ಲಿ! ಓಡಿಹೋಗಿ ಹಳೆಯ ಮಾಸ್ಕುಗಳನ್ನು ಹುಡುಕಿ ತಂದು, ಅವರಿಗೊಂದು ಕೊಟ್ಟು ನಾನೊಂದು ಕಟ್ಟಿಕೊಂಡೆ. ಪಾಪ, ನಮ್ಮ ಪದ್ಧತಿ ಹೀಗಿರಬೇಕೆಂದು ಅವರೂ ಕಟ್ಟಿಕೊಂಡರು. ಎರ್ನೆಸ್ತೊ ಡ್ಯೂಟಿ ಮುಗಿಸಿ ಬಂದಾಗ ಇಬ್ಬರು ಅಜ್ಜಿಯಂದಿರೂ ಮಾಸ್ಕು ಹಾಕಿಕೊಂಡು ತೊಟ್ಟಿಲಿನ ಎರಡು ಬದಿಯಲ್ಲಿ ಕೂತಿದ್ದೆವು. ಅವನು ನಕ್ಕು ನಕ್ಕು ನೆಲದ ಮೇಲೆ ಕೂತ. ಬಾಣಂತಿಯನ್ನು ನಲವತ್ತು ದಿನ ಮನೆಯಿಂದ ಹೊರಗೆ ಕಳಿಸದೆ ಬೆಚ್ಚಗೆ ನೋಡಿಕೊಳ್ಳುವುದಕ್ಕೆ ಅವರಲ್ಲಿ ಹಾಗೆ ಹೇಳುತ್ತಾರಂತೆ.

ನಲವತ್ತೇ ದಿನ! ನಮ್ಮ ಅಮ್ಮ ನನಗೆ ಮಾಡಿದ್ದೂ ಅಷ್ಟೇ. ಭೂಮಿಯ ಆ ಕೊನೆಯವರಿಗೆ ಇದನ್ನು ಯಾರು ಹೇಳಿಕೊಟ್ಟರೋ. ಹಾಗೆಂದು ನಾವು ಜಗಳವಾಡಲಿಲ್ಲ ಎಂದಲ್ಲ. ನಾನು ಕಾಳುಮೆಣಸಿನ ಕಷಾಯ ತಂದರೆ ಅವರು ಜೋಳದ ಹಿಟ್ಟಿನ ಬಿಸಿಬಿಸಿ ಸಿಹಿಗಂಜಿ ತರುತ್ತಿದ್ದರು. ರೆನಿಟಾ ಎರಡನ್ನೂ ಕುಡಿದು ಮುಖ ಸಿಂಡರಿಸುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಸ್ನಾನವಾದ ಮೇಲೆ ಹೊಟ್ಟೆಗೆ ಕಟ್ಟಲು ನಾನು ಹಳೆಯ ಸೀರೆ ಹರಿದು ತಂದೆ. ಬಾಗಿಲಲ್ಲಿ ಅಂಪಾರೊ ಅಷ್ಟೇ ಉದ್ದದ ಬಟ್ಟೆ ಹಿಡಿದು ನಿಂತಿದ್ದರು. ಒಬ್ಬರನ್ನೊಬ್ಬರು ನೋಡಿದೆವು. ಕೊನೆಗೆ ಅವರ ಬಟ್ಟೆಯನ್ನೇ ಕಟ್ಟಿದೆವು, ಒಂದು ತುದಿ ಅವರು, ಇನ್ನೊಂದು ತುದಿ ನಾನು ಎಳೆದು. "ಮಮ್ಮಿ, ನಾನು ಮನುಷ್ಯಳು, ಹಾಸಿಗೆ ಸುರುಳಿ ಅಲ್ಲ" ಎಂದು ರೆನಿಟಾ ಕೂಗುತ್ತಿದ್ದಳು. ಆ ದಿನಗಳಲ್ಲಿ ನಾನು ಎಷ್ಟು ಸುಖವಾಗಿದ್ದೆ ಎಂದು ಆಗ ಗೊತ್ತಾಗಲಿಲ್ಲ.

ಇಪ್ಪತ್ತೈದನೇ ದಿನವೋ ಏನೋ, ಶುಕ್ರವಾರ. ಊರು ಬಂತು. ಆಮೆಮರಿಗಳ ಕೆಳಗೆ, ಯೋಗ ತರಗತಿಯ ಮೇಲೆ, ನನ್ನ ಮಗಳ ಫೋಟೋ ಇತ್ತು. ಪಕ್ಕದಲ್ಲಿ ಎರ್ನೆಸ್ತೊ, ಮಡಿಲಲ್ಲಿ ಮಗು, ಹಿಂದೆ ನಮ್ಮದೇ ಮನೆಯ ಪರದೆ. 'ನಮ್ಮ ಅಂಪಾರೊಳ ಲಾಡ್ಜನ್ನು ಜನವರಿಯಿಂದ ಮಗ ಮತ್ತು ಸೊಸೆ ರೆನಿಟಾ ನೋಡಿಕೊಳ್ಳುತ್ತಾರೆ. ಪುಟ್ಟ ಮಗುವಿನೊಂದಿಗೆ ನಮ್ಮೂರಿಗೆ ಬರುತ್ತಿರುವ ಈ ಕುಟುಂಬಕ್ಕೆ ಸ್ವಾಗತ.'

ನಾಲ್ಕು ಸಲ ಓದಿದೆ. ಸ್ಪ್ಯಾನಿಷಿನಲ್ಲೂ ಓದಿದೆ, ಅಲ್ಲಿ ಬೇರೆ ಏನಾದರೂ ಇರಬಹುದೆಂದು. ಮೊಬೈಲು ಹಿಡಿದು ಒಳಗೆ ಹೋದೆ. ರೆನಿಟಾ ಮಗುವಿಗೆ ಹಾಲು ಕೊಡುತ್ತಿದ್ದಳು.

"ರೆನಿ, ಇದು ಎಂತದು?"

"ಹಾಕಿದ್ರಾ? ಫೋಟೋ ಒಳ್ಳೆ ಬಂದಿದೆ ಅಲ್ವಾ?" ಎಂದವಳು ನನ್ನ ಮುಖ ನೋಡಿದಳು. "ಮಮ್ಮಿ, ಎಂತ ಆಯ್ತು? ನಿನಗೆ ಗೊತ್ತುಂಟಲ್ಲ?"

"ನನಗೆ ಯಾರು ಹೇಳಿದ್ದು?"

"ಅಂಪಾರೊ ಮಾಮಿ ಹೇಳಿದ್ರಲ್ಲ! ನಾನೇ ಹೇಳ್ತೇನೆ ಅಂದೆ. ಬೇಡ, ಅಮ್ಮಂದಿರ ಹತ್ರ ಅಮ್ಮಂದಿರು ಮಾತಾಡ್ಬೇಕು ಅಂದ್ರು. ನೀನು ಎಲ್ಲದಕ್ಕೂ ಹೂಂ ಅಂದಿ ಅಂತ, ಅತ್ತಿ ಅಂತ, ತಬ್ಬಿಕೊಂಡಿ ಅಂತ..."

ನಾನು ಹಾಸಿಗೆಯ ಅಂಚಿನಲ್ಲಿ ಕೂತೆ. ಸೀ, ಸೀ.

"ಮಮ್ಮಿ, ನಿನಗೆ ಒಂದು ಅಕ್ಷರ ಅರ್ಥ ಆಗ್ಲಿಲ್ವಾ?"

ನಾನು ತಲೆಯಲ್ಲಾಡಿಸಿದೆ. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಬೆನ್ನು ತಟ್ಟಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ನನಗೆ ಎಷ್ಟು ಬೇಜಾರಾಗಿತ್ತು ಗೊತ್ತುಂಟಾ? ಒಂದು ಮಾತೂ ಕೇಳ್ಲಿಲ್ಲ. ಇಷ್ಟು ಸುಲಭದಲ್ಲಿ ಬಿಟ್ಟುಕೊಟ್ಟಿಯಲ್ಲ ಅಂತ."

ಲಿಯೋನನ್ನು ಕೇಳಿದರೆ ಅವನಿಗೂ ಗೊತ್ತಿತ್ತು. "ಎರ್ನೆಸ್ತೊ ಹೇಳಿದ. ನೀನು ಒಪ್ಪಿದ ಮೇಲೆ ನಾನು ಎಂತ ಹೇಳುವುದು ಅಂತ ಸುಮ್ಮನಾದೆ." ಯಾರ ಮೇಲೆ ಸಿಟ್ಟು ಮಾಡುವುದು? ಯಾರೂ ಏನನ್ನೂ ಮುಚ್ಚಿಡಲಿಲ್ಲ. ಮೋಸ ಮಾಡಿದವಳು ಒಬ್ಬಳೇ, ಅದು ತಲೆಯಾಡಿಸಿದ ನಾನು. ಮರುದಿನ ಬೆಳಿಗ್ಗೆ ಅಂಪಾರೊ ಎಂದಿನಂತೆ ಬಟ್ಟೆಯ ಒಂದು ತುದಿ ನನಗೆ ಕೊಟ್ಟರು. ಎಳೆದೆ. ಅವರಿಗೆ ಹೇಳಬೇಡಿ ಎಂದು ಎಲ್ಲರಿಗೂ ತಾಕೀತು ಮಾಡಿದ್ದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ.

ನಲವತ್ತು ದಿನ ಕಳೆದ ಮೇಲಿನ ಮೊದಲ ಶುಕ್ರವಾರ ಎಲ್ಲರೂ ಕಾರಿನಲ್ಲಿ ಉತ್ತರಕ್ಕೆ, ಅಲ್ ಶಮಾಲ್ ಕಡೆ ಹೋದೆವು. ಡಿಸೆಂಬರಿನ ಬಿಸಿಲು ಹಿತವಾಗಿತ್ತು. ಅಲ್ಲಿ ಕಟ್ಟೆಯಿಲ್ಲ, ಬೆಂಚಿಲ್ಲ. ಬಿಳಿ ಹೊಯಿಗೆ, ಆಳವಿಲ್ಲದ ತಿಳಿನೀರು, ದೂರದಲ್ಲಿ ಎರಡು ಸಂಸಾರಗಳು ಚಾಪೆ ಹಾಸಿ ಕೂತಿದ್ದವು. ಕಾರು ನಿಲ್ಲುವುದೇ ತಡ, ಅಂಪಾರೊ ಚಪ್ಪಲಿ ಎಸೆದು, ಹಾಕಿದ ಬಟ್ಟೆಯಲ್ಲೇ ನೀರಿಗಿಳಿದರು. ಸೊಂಟದ ತನಕ ಹೋಗಿ ತಿರುಗಿ ನಿಂತು ನನ್ನನ್ನು ಕೂಗಿದರು. ನಾನು ತಲೆಯಲ್ಲಾಡಿಸಿದೆ. ಬಂದು ಕೈಹಿಡಿದು ಎಳೆದರು. ಚೂಡಿದಾರ ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡಿತು. ಬೀಳದಿರಲು ಅವರನ್ನೇ ಹಿಡಿದುಕೊಂಡೆ. ಐವತ್ತಮೂರು ವರ್ಷಕ್ಕೆ ಮೊದಲ ಸಲ ಮೊಣಕಾಲಿನ ಮೇಲೆ ಕಡಲಿನ ನೀರು ಮುಟ್ಟಿದ್ದು.

ನಗುವ ಅವರ ಮುಖ ಅಷ್ಟು ಹತ್ತಿರದಲ್ಲಿತ್ತು. ಇದ್ದಕ್ಕಿದ್ದಂತೆ ನಮ್ಮ ಮನೆಮಾತು ಕೊಂಕಣಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ನನಗೆ ಅವತ್ತು ಏನೂ ಅರ್ಥವಾಗಿರಲಿಲ್ಲ, ನಾನು ಒಪ್ಪಿರಲಿಲ್ಲ, ನನಗಿರುವುದು ಒಬ್ಬಳೇ ಮಗಳು. ಅವರ ನಗು ನಿಂತಿತು. ಎರ್ನೆಸ್ತೊನನ್ನು ಕರೆದರು. ರೆನಿಟಾ ಅವನಿಗೆ ಹೇಳಿದಳು, ಅವನು ತಾಯಿಗೆ ಹೇಳಿದ. ಅಂಪಾರೊ ನೀರಿನಲ್ಲೇ, ಇದ್ದ ಜಾಗದಲ್ಲೇ, ಕೆಳಗೆ ಕೂತುಬಿಟ್ಟರು. ಕುತ್ತಿಗೆಯ ತನಕ ನೀರು. ಅಳುತ್ತಿದ್ದರು. ಏನೋ ಒಂದೇ ಸಮನೆ ಹೇಳಿದರು.

ಎರ್ನೆಸ್ತೊ ನನ್ನ ಕಡೆ ತಿರುಗಿದ. ಅವನ ಮುಖ ಬಿಳಿಚಿತ್ತು. ಇಂಗ್ಲಿಷಿನಲ್ಲಿ ಹೇಳಿದ: "ಅಮ್ಮ ಹೇಳ್ತಾಳೆ, ನಾವು ಹೋಗುವುದು ಬೇಡ. ಇಲ್ಲೇ ಇರಬೇಕು. ಲಾಡ್ಜನ್ನು ಚಿಕ್ಕಮ್ಮ ನೋಡಿಕೊಳ್ಳಲಿ. ಒಬ್ಬ ತಾಯಿಯನ್ನು ಕೇಳದೆ ಮಗಳನ್ನು ಕರೆದುಕೊಂಡು ಹೋಗುವುದಿಲ್ಲ ಅಂತ."

ಹದಿನೈದು ದಿನ ನಾನು ಮನಸ್ಸಿನಲ್ಲಿ ಬೇಡಿಕೊಂಡದ್ದು ಇದೇ ಮಾತನ್ನು. ಈಗ ಅದು ಕೈಗೆ ಬಂದಿತ್ತು. ರೆನಿಟಾ ಮಗುವನ್ನೆತ್ತಿಕೊಂಡು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು. ಬಾಗಿ, ಮಗುವಿನ ಕಾಲಿನ ಬೆರಳುಗಳನ್ನು ನೀರಿಗೆ ತಾಗಿಸಿ, ಎತ್ತಿ, ಮತ್ತೆ ತಾಗಿಸುತ್ತಿದ್ದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ನನ್ನ ಕಡೆ ನೋಡಲಿಲ್ಲ. ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದಾಳೆಂದು ಬೆನ್ನಿನಿಂದಲೇ ತಿಳಿಯುತ್ತಿತ್ತು.

"ಹೋಗಲಿ ಅಂತ ಹೇಳು," ಎಂದೆ ಎರ್ನೆಸ್ತೊನಿಗೆ.

"ಅಂದರೆ, ಬೇಡವಾ?"

"ಬೇಡ ಅಲ್ಲ. ನೀವು ಹೋಗಿ. ಮೂವರೂ."

ಬಾಯಿಂದ ಬಂದದ್ದು ನನ್ನ ಮಾತೇ ಹೌದೋ ಎಂದು ನನಗೇ ಸಂಶಯ. ದಡದಲ್ಲಿ ಪ್ಯಾಂಟು ಮಡಚಿ ನಿಂತಿದ್ದ ಲಿಯೋ, "ಈಗ ಯಾವುದು? ಹೂಂ ಅಂತಲಾ, ಊಹೂಂ ಅಂತಲಾ?" ಎಂದು ಕೂಗಿದ. ಅಂಪಾರೊ ಎದ್ದು ನಿಂತು ನನ್ನ ಎರಡು ಕೆನ್ನೆಗಳನ್ನೂ ಒದ್ದೆ ಕೈಯಲ್ಲಿ ಹಿಡಿದು, ಮಗನನ್ನು ನೋಡಿ, ಎರಡೆರಡು ಸಲ ಕೇಳಿಸಿಕೊಂಡು, ಆಮೇಲೆ ನಮಗಿಬ್ಬರಿಗೂ ಅರ್ಥವಾಗುವ ಒಂದೇ ಭಾಷೆಯಲ್ಲಿ ಕೇಳಿದರು.

"ವಿಯೊಲೇತಾ. ನೋ ಪ್ರಾಬ್ಲಂ?"

"ಪ್ರಾಬ್ಲಂ ಉಂಟು," ಎಂದೆ. "ಆದರೂ ಹೋಗಲಿ."

ಜನವರಿಯಲ್ಲಿ ಹೋದರು. ಈಗ ಅಕ್ಟೋಬರ್. ಮಗು ಗೋಡೆ ಹಿಡಿದು ನಿಲ್ಲುತ್ತದೆ. ಕಳೆದ ತಿಂಗಳು ಅವರ ಊರಿನ ಸಮಾಚಾರದಲ್ಲಿ ಹೀಗಿತ್ತು: 'ಗುರುವಾರ ಸಂಜೆ ಲಾಡ್ಜಿನ ಅಂಗಳದಲ್ಲಿ ರೆನಿಟಾ ಅವರಿಂದ ತೆಂಗಿನಕಾಯಿ ಹಾಕಿದ ಮೀನುಸಾರು ಕಲಿಕೆ.' ಇಲ್ಲಿದ್ದಷ್ಟು ದಿನ ಈ ಹುಡುಗಿ ಒಂದು ಮೀನಿನ ರೆಕ್ಕೆ ಕತ್ತರಿಸಿದವಳಲ್ಲ. ಫೋನು ಮಾಡಿ ಕೇಳಿದರೆ, "ಮಮ್ಮಿ, ಯೂಟ್ಯೂಬ್ ನೋಡಿ ಮಾಡಿದೆ, ಹದಿನಾಲ್ಕು ಜನ ಬಂದಿದ್ರು" ಎಂದಳು. ಹುಳಿ ಯಾವಾಗ ಹಾಕಿದೆ ಎಂದು ಕೇಳಿದೆ. ಕೇಳಬಾರದಿತ್ತು. ಎಲ್ಲ ತಪ್ಪು. ಆ ಹದಿನಾಲ್ಕು ಜನ ಈಗ ತಮ್ಮ ತಮ್ಮ ಮನೆಯಲ್ಲಿ ಅದನ್ನೇ ಮಾಡುತ್ತಿರಬೇಕು.

ಅದನ್ನು ಸರಿಮಾಡಲಿಕ್ಕೋ ಏನೋ, ಮೊನ್ನೆ ಆಫೀಸಿನಲ್ಲಿ ರಜೆಯ ಫಾರಂ ತುಂಬಲು ಕೂತೆ. ಕಾರಣ ಎಂಬಲ್ಲಿ ಪೆನ್ನು ನಿಂತಿತು. ಇಷ್ಟು ವರ್ಷದಲ್ಲಿ ನಾನು ಅಲ್ಲಿ ಬರೆದದ್ದೆಲ್ಲ ನೆನಪಾಯಿತು. ಅಪ್ಪನ ಮರಣ. ತಂಗಿಯ ಮದುವೆ. ಅಮ್ಮನ ಆಪರೇಷನ್. ಅಮ್ಮನ ಮರಣ. ಮಗಳ ಬಾಣಂತನ. ಏನೂ ಆಗದೆ ಹೋಗುವವರು ಏನು ಬರೆಯುತ್ತಾರೆ? ಅಭ್ಯಾಸ ಬಲದಿಂದ 'ತುರ್ತು ಕೌಟುಂಬಿಕ ಕಾರಣ' ಎಂದು ಬರೆದು ಎಚ್.ಆರ್.ನ ಸುಜಾತಾಳಿಗೆ ಕೊಟ್ಟೆ. ತ್ರಿಶೂರಿನ ಹುಡುಗಿ, ಒಳ್ಳೆಯವಳು. ಓದಿದವಳೇ ಕುರ್ಚಿ ಹಿಂದೆ ತಳ್ಳಿ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು.

"ಚೇಚಿ, ಯಾರಿಗೆ ಏನಾಯ್ತು?" ಎಂದು ಅವಳ ಹಿಂದಿಯಲ್ಲಿ ಕೇಳಿದಳು.

"ಯಾರಿಗೂ ಏನೂ ಆಗಿಲ್ಲ."

"ಹೇಳಿ ಚೇಚಿ. ಊರಲ್ಲಾ?"

"ಊರಿಗಲ್ಲ ಸುಜಾತಾ, ಮೆಕ್ಸಿಕೋಗೆ. ಎಲ್ಲರೂ ಚೆನ್ನಾಗಿದ್ದಾರೆ. ಸುಮ್ಮನೆ ಹೋಗುವುದು. ಕಡಲ ಬದಿಯಲ್ಲಿ ಕೂರಲಿಕ್ಕೆ."

ಅವಳು ನಂಬಲಿಲ್ಲ. ಮೇಜಿನಿಂದ ಟಿಶ್ಯೂ ತೆಗೆದು ನನ್ನ ಕೈಗಿಟ್ಟು, "ಮತ್ತೆ ಯಾಕೆ ಅಳ್ತಿದ್ದೀರಿ?" ಎಂದಳು.